ಓಪನ್ ವಾಟರ್ ಮುಗಿಯಿತು, ಮುಂದೆ ಯಾವ ಕೋರ್ಸು? ಘಟ್ಟದ ಮೇಲಿನ ಡೈವರನ ಲೆಕ್ಕಾಚಾರ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗೆ ಇಳಿಯುವ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸು ಓಪನ್ ವಾಟರ್. ಅದರ ನಾಲ್ಕನೆಯ ಡೈವ್ ಮುಗಿಸಿ ದೋಣಿ ಹತ್ತಿದಾಗ ಕಿವಿಯೊಳಗೆ ಇನ್ನೂ ನೀರಿರುತ್ತದೆ. ಅಷ್ಟರಲ್ಲೇ ಇನ್‌ಸ್ಟ್ರಕ್ಟರ್ ಕೇಳಿಬಿಡುತ್ತಾರೆ: "ಅಡ್ವಾನ್ಸ್ಡ್ ಯಾವಾಗ? ಹೇಗೂ ಬಂದಿದ್ದೀರಿ, ನಾಳೆಯೇ ಶುರು ಮಾಡೋಣ?" ನನ್ನನ್ನೂ ಕೇಳಿದ್ದರು. ಖುಷಿಯ ಭರದಲ್ಲಿ ಹೂಂ ಅಂದೆ. ಈಗ ಯಾರಾದರೂ ಬೆಳಗಾವಿಯಿಂದಲೋ ಬೈಲಹೊಂಗಲದಿಂದಲೋ ಫೋನ್ ಮಾಡಿ "ಮುಂದೆ ಏನು ಮಾಡ್ಲಿರಿ?" ಅಂದಾಗ ನಾನು ಮೊದಲು ಹೇಳುವುದು ಆ ಹೂಂ ಕತೆಯನ್ನೇ.

ಕತೆಗೆ ಮುಂಚೆ ನಮ್ಮ ಪರಿಸ್ಥಿತಿ ನೋಡಿಕೊಳ್ಳೋಣ. ಬೆಳಗಾವಿಯವರಿಗೆ ಕಡಲು ದೂರವೂ ಅಲ್ಲ, ಹತ್ತಿರವೂ ಅಲ್ಲ. ಚೋರ್ಲಾ ಘಟ್ಟ ಇಳಿದರೆ ಗೋವಾ, ಅಂಬೋಲಿ ಇಳಿದರೆ ಮಾಲ್ವಣ. ಹುಬ್ಬಳ್ಳಿ, ಅಂಕೋಲೆ ಹಿಡಿದು ಹೋದರೆ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ದೋಣಿ ಇಳಿಯುವುದಿಲ್ಲ. ಉಳಿದ ತಿಂಗಳುಗಳಲ್ಲಿ ರಜೆ, ಮದುವೆ, ಮಕ್ಕಳ ಪರೀಕ್ಷೆ ಎಲ್ಲ ಕಳೆದು ವರ್ಷಕ್ಕೆ ಎರಡು ಪ್ರವಾಸ ದಕ್ಕಿದರೆ ಪುಣ್ಯ. ಅಂದರೆ ಎಂಟೋ ಹತ್ತೋ ಡೈವ್. ಕೋರ್ಸುಗಳ ಏಣಿಯನ್ನು ಮಾಡಿದವರು ಕಡಲ ದಂಡೆಯಲ್ಲೇ ಮನೆ ಇರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅನ್ನಿಸುತ್ತದೆ. ನಮ್ಮ ಆಯ್ಕೆ ಬೇರೆ ಇರಬೇಕು.

(ಮಾಲ್ವಣದಲ್ಲಿ ಒಬ್ಬರು ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡು ಹದಿನೈದು ನಿಮಿಷ ಮೀನು ತೋರಿಸಿ, ವಿಡಿಯೋ ಮಾಡಿ ಕಳಿಸುತ್ತಾರಲ್ಲ, ಅದು ಪರಿಚಯದ ಡೈವ್. ಅದರಿಂದ ಅರ್ಹತೆಯ ಕಾರ್ಡ್ ಬರುವುದಿಲ್ಲ. ಈ ಬರಹ 18 ಮೀಟರ್‌ವರೆಗೆ ಹೋಗಬಹುದಾದ ಓಪನ್ ವಾಟರ್ ಕಾರ್ಡ್ ಇರುವವರಿಗೆ.)

ಹೆಸರು ಒಂದೇ, ಸರಕು ಬೇರೆ

ಡೈವಿಂಗ್ ಕಲಿಸಿ ಕಾರ್ಡ್ ಕೊಡುವ ಸಂಸ್ಥೆಗಳು ಹಲವು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಪಾಡಿ ಮತ್ತು ಎಸ್‌ಎಸ್‌ಐ ಸಂಸ್ಥೆಗಳ ಕಾರ್ಡುಗಳು. ಒಂದರ ಕಾರ್ಡ್ ಇನ್ನೊಂದರ ಸೆಂಟರಿನಲ್ಲಿ ನಡೆಯುತ್ತದೆ, ಅದರ ಚಿಂತೆ ಬೇಡ. ಗೊಂದಲ ಇರುವುದು 'ಅಡ್ವಾನ್ಸ್ಡ್' ಎಂಬ ಪದದಲ್ಲಿ. ಪಾಡಿಯ ಅಡ್ವಾನ್ಸ್ಡ್ ಓಪನ್ ವಾಟರ್ ಅಂದರೆ ಐದು ಡೈವ್, ಎರಡು ಮೂರು ದಿನ, ಕೊನೆಯಲ್ಲಿ ಪರೀಕ್ಷೆ ಇಲ್ಲ. ಎಸ್‌ಎಸ್‌ಐನಲ್ಲಿ ಇದೇ ಮಟ್ಟದ್ದರ ಹೆಸರು ಅಡ್ವಾನ್ಸ್ಡ್ ಅಡ್ವೆಂಚರರ್. ಎಸ್‌ಎಸ್‌ಐನ 'ಅಡ್ವಾನ್ಸ್ಡ್ ಓಪನ್ ವಾಟರ್ ಡೈವರ್' ಬೇಕೆಂದರೆ ಒಂದೊಂದೇ ವಿಷಯ ಕಲಿಸುವ ನಾಲ್ಕು ಸ್ಪೆಷಾಲಿಟಿ ಕೋರ್ಸು ಮುಗಿಸಿ, ಒಟ್ಟು 24 ಡೈವ್ ಲಾಗ್ ಆಗಿರಬೇಕು, ಅಂದರೆ ಡೈವಿನ ದಾಖಲೆ ಪುಸ್ತಕದಲ್ಲಿ ಬರೆದಿರಬೇಕು. ಹಾಗಾಗಿ ಇಬ್ಬರು ಗೆಳೆಯರು "ನಂದೂ ಅಡ್ವಾನ್ಸ್ಡ್" ಅಂದರೆ ಇಬ್ಬರದೂ ಒಂದೇ ತೂಕ ಅಂದುಕೊಳ್ಳಬೇಡಿ. ದರ ವಿಚಾರಿಸುವಾಗಲೂ ಹೆಸರು ಕೇಳಬೇಡಿ, ಎಷ್ಟು ಡೈವ್, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ, ಕಾರ್ಡಿನ ಶುಲ್ಕ, ದೋಣಿ, ಸಲಕರಣೆ ಎಲ್ಲ ಸೇರಿದೆಯೇ ಎಂದು ಕೇಳಿ.

ಪಾಡಿಯೋ ಎಸ್‌ಎಸ್‌ಐಯೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಒಳ್ಳೆ ಇನ್‌ಸ್ಟ್ರಕ್ಟರ್ ಇರುವ ಕಡೆ ಹೋಗಿ, ಅಷ್ಟೆ.

ಅಡ್ವಾನ್ಸ್ಡ್: ತಪ್ಪು ಕೋರ್ಸಲ್ಲ, ತಪ್ಪು ಹೊತ್ತು

ಪಾಡಿಯ ಐದು ಡೈವ್‌ಗಳಲ್ಲಿ ಎರಡು ಕಡ್ಡಾಯ: ಆಳದ್ದೊಂದು, ದಿಕ್ಕು ಹುಡುಕುವುದೊಂದು. ಉಳಿದ ಮೂರು ನಿಮ್ಮ ಇಷ್ಟ. ಮುಗಿದರೆ 30 ಮೀಟರ್‌ವರೆಗೆ ಇಳಿಯುವ ಅರ್ಹತೆ. ಗೋಕಾಕ ಫಾಲ್ಸ್ ಸುಮಾರು 52 ಮೀಟರ್ ಎತ್ತರ. ಅದರ ಅರ್ಧಕ್ಕಿಂತ ಚೂರು ಹೆಚ್ಚು ನೀರು ತಲೆಯ ಮೇಲೆ ನಿಂತಿದೆ ಅಂದುಕೊಳ್ಳಿ.

ನಾನು ಹೂಂ ಅಂದಾಗ ನನ್ನ ಲಾಗ್‌ಬುಕ್ಕಿನಲ್ಲಿದ್ದದ್ದು ನಾಲ್ಕೇ ಡೈವ್. ಮೂರನೆಯ ದಿನ 28 ಮೀಟರಿನಲ್ಲಿ ಇನ್‌ಸ್ಟ್ರಕ್ಟರ್ ನನ್ನ ಮಣಿಕಟ್ಟು ಹಿಡಿದು, ಅಲ್ಲಿ ಕಟ್ಟಿದ್ದ ಕೆಂಪು ದಾರ ತೋರಿಸಿದರು. ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು. ಓದಿದ್ದೆ, ಆದರೂ ಬಿಟ್ಟ ಕಣ್ಣು ಬಿಟ್ಟಂತೆ ಆ ದಾರವನ್ನೇ ನೋಡುತ್ತಾ ನಿಂತೆ. ಸಾರಜನಕದ ಅಮಲು ಅದು. ಕುಡಿದವನ ಹಾಗೆ ಸಣ್ಣದೊಂದು ವಿಷಯಕ್ಕೆ ಮನಸ್ಸು ಅಂಟಿಕೊಳ್ಳುತ್ತದೆ. ಆಮೇಲೆ ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿದರೆ 70 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಇಳಿದು ಹನ್ನೆರಡು ನಿಮಿಷವಷ್ಟೇ ಆಗಿತ್ತು. ವಾಪಸ್ ಬರುವಾಗ ಅರ್ಧ ದಾರಿ ಇನ್‌ಸ್ಟ್ರಕ್ಟರರ ಹೆಚ್ಚುವರಿ ರೆಗ್ಯುಲೇಟರಿನಲ್ಲೇ, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನದಲ್ಲೇ, ಉಸಿರಾಡಿದೆ. ಅವರಿಗೆ ಇದು ದಿನನಿತ್ಯದ ಮಾತು. ಮಧ್ಯಾಹ್ನ ಕಾರ್ಡಿಗೆ ಫೋಟೋ ತೆಗೆದರು.

ಲೆಕ್ಕ ಸರಳ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಹನ್ನೊಂದು ಲೀಟರಿನದು. 200 ಬಾರ್ ತುಂಬಿದರೆ ಸುಮಾರು 2200 ಲೀಟರ್ ಗಾಳಿ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು, ಹಾಗಾಗಿ ಕೈಗೆ ಸಿಗುವುದು 1650. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವನು 10 ಮೀಟರಿನಲ್ಲಿ 40 ಲೀಟರ್ ಎಳೆಯುತ್ತಾನೆ, 30 ಮೀಟರಿನಲ್ಲಿ 80. ಪ್ರತಿ 10 ಮೀಟರಿಗೆ ಒಂದು ಬಾರ್ ಒತ್ತಡ ಏರುವುದೇ ಇದಕ್ಕೆ ಕಾರಣ. 10 ಮೀಟರಿನಲ್ಲಿ ನಲವತ್ತು ನಿಮಿಷ ಬರುವ ಗಾಳಿ 30 ಮೀಟರಿನಲ್ಲಿ ಇಪ್ಪತ್ತು ನಿಮಿಷ. ಹೊಸಬ ನೆಲದ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್ ಎಳೆದರೆ ಹದಿನಾಲ್ಕು ನಿಮಿಷವೂ ಇಲ್ಲ. ನನಗಾದದ್ದು ಇಷ್ಟೇ.

ಹಾಗಾದರೆ ಅಡ್ವಾನ್ಸ್ಡ್ ಬೇಡವೇ? ಬೇಕು. ಹದಿನೈದು ಇಪ್ಪತ್ತು ಡೈವ್ ಆದಮೇಲೆ, ಎಲ್ಲಿಗೆ ಹೋಗಬೇಕೆಂದು ಗೊತ್ತಾದಮೇಲೆ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೆಯ ಹ್ಯಾವ್‌ಲಾಕ್‌ನಲ್ಲಿ, ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್‌ನಂಥ ಜಾಗಗಳಿಗೆ ಈ ಕಾರ್ಡ್ ಇಲ್ಲದಿದ್ದರೆ ಸಾಮಾನ್ಯವಾಗಿ ಕರೆದೊಯ್ಯುವುದಿಲ್ಲ. ಮುಂದಿನ ಎರಡು ವರ್ಷ ನಿಮ್ಮ ಪ್ಲಾನಿನಲ್ಲಿ ಬರೀ ಗೋವಾ, ಮಾಲ್ವಣ ಇದ್ದರೆ 30 ಮೀಟರಿನ ಕಾರ್ಡ್ ಪರ್ಸಿನಲ್ಲಿ ಮಲಗಿರುತ್ತದೆ. ಆದರೆ ಅದರೊಳಗಿನ ದಿಕ್ಕಿನ ಪಾಠ ಮಾತ್ರ ಗೋವಾದಲ್ಲೇ ಹೆಚ್ಚು ಉಪಯೋಗ. ಗ್ರ್ಯಾಂಡ್ ಐಲ್ಯಾಂಡ್ ಬಳಿ ನೀರು ಕದಡಿದ ದಿನ ಮುಂದಿರುವ ಬಡ್ಡಿಯ ಫಿನ್ನು ಸಹ ಕಾಣುವುದಿಲ್ಲ. (ಬಡ್ಡಿ ಎಂದರೆ ಜೊತೆಯಲ್ಲಿ ಇಳಿಯುವ ಡೈವರ್. ನಮ್ಮ ಮಾವನವರು ಈ ಪದ ಕೇಳಿದಾಗಲೆಲ್ಲ ಎಷ್ಟು ಪರ್ಸೆಂಟ್ ಅನ್ನುತ್ತಾರೆ.) ಕಾಂಪಸ್ ಹಿಡಿದು, ಕಾಲಿನ ಬಡಿತ ಎಣಿಸಿ ದೋಣಿಯ ಲಂಗರಿಗೆ ವಾಪಸ್ ಬರುವುದು ಗೊತ್ತಿದ್ದರೆ ಅಂಥ ದಿನ ಎದೆ ಬಡಿತ ಹತೋಟಿಯಲ್ಲಿರುತ್ತದೆ.

ಬಾಯನ್ಸಿ: ನಾನು ಮೊದಲು ಮಾಡಬೇಕಿದ್ದದ್ದು

ಬಾಯನ್ಸಿ ಅಂದರೆ ನೀರಿನೊಳಗೆ ಏರದೆ ಇಳಿಯದೆ ನಿಲ್ಲುವ ಹತೋಟಿ. ನಮ್ಮ ಕಡೆಯವರು ಈಜು ಕಲಿಯುವುದು ಬಾವಿಯಲ್ಲಿ. ಸೊಂಟಕ್ಕೆ ಎಣ್ಣೆ ಕ್ಯಾನ್ ಕಟ್ಟಿ, ಮೆಟ್ಟಿಲ ಮೇಲಿಂದ ಕಾಕಾ ನೂಕಿದ್ದೇ ಮೊದಲ ಪಾಠ. ಧೈರ್ಯ ಬರುತ್ತದೆ, ನೀರಿನ ಭಯ ಹೋಗುತ್ತದೆ. ಆದರೆ ಎರಡು ಚಟ ಅಂಟಿಕೊಳ್ಳುತ್ತವೆ. ಒಂದು, ಕೈ ಬಡಿಯುವುದು. ಎರಡು, ದಮ್ಮು ಕಟ್ಟುವುದು. ಸ್ಕೂಬಾದಲ್ಲಿ ಎರಡೂ ನಡೆಯುವುದಿಲ್ಲ. ದಮ್ಮು ಕಟ್ಟಿ ಮೇಲೇರಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು, ಅದಕ್ಕೇ 'ಉಸಿರು ಎಂದೂ ಕಟ್ಟಬೇಡ' ಎಂಬುದು ಮೊದಲ ನಿಯಮ. ಕೈ ಬಡಿದರೆ ಗಾಳಿ ಸುಮ್ಮನೆ ಖರ್ಚು, ಕೆಳಗಿನ ಹವಳ ಪುಡಿ.

ಪೀಕ್ ಪರ್ಫಾರ್ಮೆನ್ಸ್ ಬಾಯನ್ಸಿ ಎಂಬ ಸ್ಪೆಷಾಲಿಟಿ ಎರಡೇ ಡೈವಿನದು. ಕೇಳಿದರೆ ಸಪ್ಪೆ. ಮುಳುಗಲು ಬೆಲ್ಟಿನಲ್ಲಿ ಕಟ್ಟುವ ಸೀಸದ ತೂಕ ಎಷ್ಟು ಬೇಕೆಂದು ಸರಿಯಾಗಿ ಪರೀಕ್ಷಿಸುವುದು, ಅದನ್ನು ಸೊಂಟದ ಯಾವ ಜಾಗದಲ್ಲಿ ಹಂಚಬೇಕೆಂದು ನೋಡುವುದು, ಬರೀ ಉಸಿರಿನಿಂದ ಒಂದು ಮೊಳ ಏರಿ ಇಳಿಯುವುದು, ಅಲುಗಾಡದೆ ನಿಲ್ಲುವುದು. ಮೊದಲ ಡೈವಿನಲ್ಲೇ ಇನ್‌ಸ್ಟ್ರಕ್ಟರ್ ನನ್ನ ಬೆಲ್ಟಿನಿಂದ ಎರಡು ಕಿಲೋ ತೆಗೆದರು. ಅಷ್ಟು ದಿನ ಆ ಎರಡು ಕಿಲೋ ಸಮತೂಗಲು ಜಾಕೆಟ್ಟಿಗೆ ಗಾಳಿ ತುಂಬಿ, ಆ ಗಾಳಿ ಹಿಗ್ಗಿ ನಾನು ಮೇಲೆ ಹಾರಿ, ಬಿಟ್ಟರೆ ಕಲ್ಲಿನ ಹಾಗೆ ಕೆಳಗೆ ಬೀಳುತ್ತಿದ್ದೆ. ಎರಡನೆಯ ಡೈವ್ ಮುಗಿಸಿದಾಗ ಐವತ್ತೆರಡು ನಿಮಿಷ ಆಗಿತ್ತು, ಸಿಲಿಂಡರಿನಲ್ಲಿ ಇನ್ನೂ 60 ಬಾರ್. ಅದೇ ಮನುಷ್ಯ, ಅದೇ ಶ್ವಾಸಕೋಶ.

ಅಡ್ವಾನ್ಸ್ಡ್ ಕೋರ್ಸಿನ ಮೂರು ಐಚ್ಛಿಕ ಡೈವ್‌ಗಳಲ್ಲೂ ಬಾಯನ್ಸಿ ಆರಿಸಿಕೊಳ್ಳಬಹುದು. ಅಲ್ಲಿ ಸಿಗುವುದು ಒಂದೇ ಡೈವ್, ಆದರೂ ಬಿಡಬೇಡಿ. ಮೂರರಲ್ಲಿ ಒಂದು ಇದೇ ಇರಲಿ, ಅದೂ ಆಳದ ಡೈವಿಗಿಂತ ಮೊದಲು ಮಾಡಿಸಿ ಎಂದು ಹಟ ಹಿಡಿಯಿರಿ. ಕೊನೆಯ ಡೈವ್ ಆಗಿ ಆರು ತಿಂಗಳ ಮೇಲಾಗಿದ್ದರೆ ಯಾವ ಕೋರ್ಸಿಗೂ ಮುನ್ನ ಕಲಿತದ್ದನ್ನು ನೆನಪಿಸುವ ಒಂದು ರಿಫ್ರೆಶರ್ ತೆಗೆದುಕೊಳ್ಳಿ. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಇಳಿಯುವ ನಮ್ಮಂಥವರಿಗೆ ಇದು ಹೆಚ್ಚು ಕಡಿಮೆ ಪ್ರತಿ ವರ್ಷದ ಮಾತು.

ನೈಟ್ರಾಕ್ಸ್: ಮನೆಯಲ್ಲೇ ಕಲಿಯಬಹುದಾದದ್ದು

ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 21. ನೈಟ್ರಾಕ್ಸಿನಲ್ಲಿ ಅದನ್ನು ಶೇ. 32ಕ್ಕೋ 36ಕ್ಕೋ ಏರಿಸಿರುತ್ತಾರೆ. ಕೋರ್ಸು ಶೇ. 40ರವರೆಗೆ ಅನುಮತಿ ಕೊಡುತ್ತದೆ. ಮೈಯಲ್ಲಿ ಕರಗುವ ಸಾರಜನಕ ಕಡಿಮೆ, ಹಾಗಾಗಿ ಅದೇ ಆಳದಲ್ಲಿ ಹೆಚ್ಚು ಹೊತ್ತು ಇರಬಹುದು. ಪಾಡಿಯ ಕೋಷ್ಟಕದಲ್ಲಿ 18 ಮೀಟರಿಗೆ ಮಾಮೂಲಿ ಗಾಳಿಯಲ್ಲಿ 56 ನಿಮಿಷದ ಮಿತಿ, ಶೇ. 32ರ ನೈಟ್ರಾಕ್ಸಿನಲ್ಲಿ 95 ನಿಮಿಷ. ಜನ ತಪ್ಪು ತಿಳಿಯುವುದು ಇಲ್ಲೇ: ನೈಟ್ರಾಕ್ಸ್ ಇದ್ದರೆ ಆಳಕ್ಕೆ ಹೋಗಬಹುದು ಅಂತ. ಉಲ್ಟಾ. ಆಮ್ಲಜನಕದ ಒತ್ತಡ 1.4 ಬಾರ್ ದಾಟಬಾರದು, ದಾಟಿದರೆ ನೀರೊಳಗೇ ಫಿಟ್ಸ್ ಬರಬಹುದು. ಹಾಗಾಗಿ ಶೇ. 32ಕ್ಕೆ ಗಡಿ ಸುಮಾರು 33 ಮೀಟರ್, ಶೇ. 36ಕ್ಕೆ 28ರ ಆಸುಪಾಸು.

ಕಲಿಕೆಯ ಬಹುಪಾಲು ಓದು ಮತ್ತು ಲೆಕ್ಕ. ಟಿಳಕವಾಡಿಯ ಮನೆಯಲ್ಲಿ ಕುಳಿತು ಮಳೆಗಾಲದಲ್ಲಿ ಮುಗಿಸಬಹುದು. ಡೈವ್ ಕಡ್ಡಾಯವಲ್ಲ, ಆದರೆ ಸಿಲಿಂಡರ್ ಪರೀಕ್ಷಿಸುವುದನ್ನು ಕೈಯಾರೆ ಮಾಡಲೇಬೇಕು. ವಾಲ್ವ್ ಸ್ವಲ್ಪ ತೆರೆದಾಗ ಸಣ್ಣ ಸುಯ್ ಸದ್ದು, ಆಮ್ಲಜನಕ ಅಳೆಯುವ ಅನಲೈಸರಿನ ಅಂಕಿ 29, 30, 31 ಎಂದು ಹತ್ತಿ 31.7ರಲ್ಲಿ ನಿಂತಿತು. ಆ ಅಂಕಿ, ಗರಿಷ್ಠ ಆಳ, ನನ್ನ ಹೆಸರು ಬರೆದು ಸಿಲಿಂಡರಿಗೆ ಟೇಪ್ ಅಂಟಿಸಿದೆ. ಬೇರೆಯವರು ಬರೆದದ್ದನ್ನು ನಂಬಿ ಇಳಿಯಬಾರದು ಎಂಬುದೇ ಈ ಕೋರ್ಸಿನ ತಿರುಳು.

ನಿಮಗೆ ಬೇಕೇ? ನೇತ್ರಾಣಿಯಲ್ಲಿ 14 ಮೀಟರಿನ ಎರಡು ಡೈವ್ ಮಾಡಿ ಬರುವವರಿಗೆ ಬೇಡ. ಅಲ್ಲಿ ಸಾರಜನಕದ ಮಿತಿಗಿಂತ ಎಷ್ಟೋ ಮೊದಲು ಸಿಲಿಂಡರೇ ಬರಿದಾಗುತ್ತದೆ. ಅಂಡಮಾನಿನಲ್ಲಿ ನಾಲ್ಕು ದಿನ, ದಿನಕ್ಕೆ ಮೂರು ಡೈವ್, 22–25 ಮೀಟರ್ ಅಂತಿದ್ದರೆ ಅಡ್ವಾನ್ಸ್ಡ್ ಜೊತೆ ಇದೂ ಇರಲಿ. ಎಲ್ಲ ಸೆಂಟರುಗಳೂ ನೈಟ್ರಾಕ್ಸ್ ತುಂಬುವುದಿಲ್ಲ, ಹೊರಡುವ ಮುನ್ನ ಫೋನ್ ಮಾಡಿ ಕೇಳಿ.

ರೆಸ್ಕ್ಯೂ: ಹಣ ಒಂದಕ್ಕೇ ಇದೆ ಅಂದರೆ

ಹಣವೂ ರಜೆಯೂ ಒಂದೇ ಕೋರ್ಸಿಗೆ ಇದ್ದರೆ, ಕಷ್ಟಕ್ಕೆ ಸಿಕ್ಕ ಡೈವರನ್ನು ಕಾಪಾಡಲು ಕಲಿಸುವ ಇದಕ್ಕೆ ಹಾಕಿ. ಪಾಡಿಯಲ್ಲಿ ದಿಕ್ಕಿನ ಡೈವ್ ಸೇರಿದಂತೆ ಮೂರು ಅಡ್ವೆಂಚರ್ ಡೈವ್ (ಅಡ್ವಾನ್ಸ್ಡ್ ಕೋರ್ಸಿನ ಐದು ಡೈವ್ ಇದೇ ಬಗೆಯವು) ಆಗಿರಬೇಕು, ಅಂದರೆ ಅಡ್ವಾನ್ಸ್ಡ್ ಪೂರ್ತಿ ಮುಗಿದಿರಲೇಬೇಕೆಂದಿಲ್ಲ. ಎಸ್‌ಎಸ್‌ಐನ ಸ್ಟ್ರೆಸ್ ಆ್ಯಂಡ್ ರೆಸ್ಕ್ಯೂ ಅನ್ನು ಓಪನ್ ವಾಟರ್ ಆದಮೇಲೆಯೇ ಮಾಡಬಹುದು. ಎರಡಕ್ಕೂ ಪ್ರಥಮ ಚಿಕಿತ್ಸೆ, ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವುದು) ತರಬೇತಿ ಜೊತೆಗೂಡಿರುತ್ತದೆ. ಪಾಡಿಯಲ್ಲಿ ಅದು 24 ತಿಂಗಳೊಳಗಿನದ್ದಾಗಿರಬೇಕು.

ಬೇರೆ ಕೋರ್ಸುಗಳಲ್ಲಿ ಖುಷಿಯಾಗುತ್ತದೆ, ಇದರಲ್ಲಿ ಸುಸ್ತಾಗುತ್ತದೆ. ಗಾಬರಿಯಾದವನ ನಟನೆ ಮಾಡುವ ದಾಂಡಿಗ ನಿಮ್ಮ ಮಾಸ್ಕ್ ಕಿತ್ತು ತಲೆ ಹತ್ತುತ್ತಾನೆ. ಅವನ ಬೆನ್ನಿನ ಕಡೆಯಿಂದ ಹೋಗಿ, ಸಿಲಿಂಡರಿನ ವಾಲ್ವ್ ಹಿಡಿದು, ಮೊಣಕಾಲಿನಿಂದ ಸಿಲಿಂಡರನ್ನು ಅವುಚಿ ಅವನ ಜಾಕೆಟ್ಟಿಗೆ ಗಾಳಿ ತುಂಬಬೇಕು. ಪ್ರಜ್ಞೆ ಇಲ್ಲದವರನ್ನು ಮೇಲೆ ತಂದು, ನೀರಿನಲ್ಲೇ ಉಸಿರು ಕೊಡುತ್ತಾ, ಸಲಕರಣೆ ಒಂದೊಂದಾಗಿ ಕಳಚುತ್ತಾ ದಂಡೆಗೆ ಎಳೆಯಬೇಕು. ನನಗೆ ಮೂರನೆಯ ಸಲಕ್ಕೆ ಬಂತು. ಆದರೆ ನಿಜವಾದ ಲಾಭ ಬೇರೆ. ಈ ಕೋರ್ಸಾದಮೇಲೆ ದೋಣಿಯಲ್ಲಿ ಕುಳಿತವರ ಮುಖ ನೋಡಿದರೇ ಯಾರು ಒಳಗೊಳಗೆ ಹೆದರಿದ್ದಾರೆ ಎಂದು ತಿಳಿಯುತ್ತದೆ. ಮಾತು ನಿಲ್ಲಿಸಿದವರು, ಪದೇ ಪದೇ ಬೆಲ್ಟ್ ಮುಟ್ಟಿಕೊಳ್ಳುವವರು. ಅವಘಡ ಶುರುವಾಗುವುದು ಅಲ್ಲಿ, ನೀರಿನಲ್ಲಿ ಅಲ್ಲ.

ಊರಿನಲ್ಲೂ ಉಪಯೋಗಕ್ಕೆ ಬರುವ ಕೋರ್ಸು ಇದೊಂದೇ. ಎದೆ ಒತ್ತುವುದು ನಿಮಿಷಕ್ಕೆ 100–120ರ ವೇಗದಲ್ಲಿ, 5–6 ಸೆಂಟಿಮೀಟರ್ ಆಳಕ್ಕೆ, ಮೂವತ್ತು ಒತ್ತಿಗೆ ಎರಡು ಉಸಿರು. ಮುಳುಗಿದವರಿಗಾದರೆ ಮೊದಲು ಉಸಿರು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯುವ ಜಿಲ್ಲೆಯಲ್ಲಿ ಇದು ಹತ್ತು ಜನರಿಗೆ ಗೊತ್ತಿದ್ದಷ್ಟೂ ಒಳ್ಳೆಯದು. ಆದರೆ ಒಂದು ಎಚ್ಚರಿಕೆ. ನೀವು ಸ್ಕೂಬಾ ಮಾಡಿದ್ದೀರಿ ಎಂದು ಊರಿಗೆ ಗೊತ್ತಾದರೆ ಒಂದಲ್ಲ ಒಂದು ದಿನ ಫೋನ್ ಬರುತ್ತದೆ: "ಹೊಳಿಯಾಗ ಹುಡುಗ ಬಿದ್ದಾನ, ಬರ್ರಿ." ಹೋಗಿ, ದಂಡೆಯಲ್ಲಿ ನಿಂತು ಸಹಾಯ ಮಾಡಿ, ಇಳಿಯಬೇಡಿ. ಕೆಂಪು ನೀರು, ಸೆಳವು, ಮುಳ್ಳುಕಂಟಿ, ಬಲೆ ಇರುವಲ್ಲಿ ಹುಡುಕುವುದು ಬೇರೆಯೇ ವಿದ್ಯೆ, ಅದಕ್ಕೆ ಅಗ್ನಿಶಾಮಕ ದಳ, ಎನ್‌ಡಿಆರ್‌ಎಫ್ ಇವೆ. ರೆಸ್ಕ್ಯೂ ಕಾರ್ಡ್ ಅದಕ್ಕೆ ಪರವಾನಗಿ ಅಲ್ಲ.

ಉಳಿದವು

ಡೀಪ್ ಸ್ಪೆಷಾಲಿಟಿ 40 ಮೀಟರ್‌ವರೆಗೆ, ಹವ್ಯಾಸಿ ಡೈವಿಂಗಿನ ಕೊನೆಯ ಗಡಿ. ಐವತ್ತು ಡೈವ್ ಆಗುವ ತನಕ ಮರೆತುಬಿಡಿ. ರೆಕ್ ಕೋರ್ಸು, ಅಂದರೆ ಮುಳುಗಿದ ಹಡಗಿನದು, ಹಡಗಿನ ಹುಚ್ಚು ಇದ್ದರೆ ಮಾತ್ರ. ಗೋವಾದ ಸೂಝೀಸ್ ರೆಕ್ಕನ್ನು ಹೊರಗಿನಿಂದ ನೋಡಲು ಅದು ಬೇಕಿಲ್ಲ. ನೈಟ್ ಡೈವ್ ಒಂದು ಸಲ ಮಾಡಿ ನೋಡಿ, ಕೋರ್ಸು ಆಮೇಲೆ. ಫೋಟೋಗ್ರಫಿಯನ್ನು ಬಾಯನ್ಸಿಗೆ ಮುಂಚೆ ಮಾಡಿದವರು ಹವಳದ ಮೇಲೆ ಮೊಣಕಾಲೂರಿ ನಿಂತಿರುವುದನ್ನು ನೋಡಿದ್ದೇನೆ, ಕೋಪ ಬರುತ್ತದೆ. ಮಾಸ್ಟರ್ ಸ್ಕೂಬಾ ಡೈವರ್ ಅಂದರೆ ರೆಸ್ಕ್ಯೂ, ಐದು ಸ್ಪೆಷಾಲಿಟಿ, 50 ಡೈವ್ ಆದವರಿಗೆ ಕೊಡುವ ಬಿರುದು, ಹೊಸ ಪಾಠ ಏನೂ ಇಲ್ಲ.

ಡೈವ್‌ಮಾಸ್ಟರ್ ಬೇರೆ ಮಾತು, ಅದು ಉದ್ಯೋಗದ ಮೊದಲ ಮೆಟ್ಟಿಲು. 18 ವರ್ಷ ತುಂಬಿರಬೇಕು, ಶುರುವಿಗೆ 40, ಮುಗಿಸಲು 60 ಡೈವ್. ಕೆಲಸ ಬಿಟ್ಟು ಅಂಡಮಾನಿಗೆ ಹೋಗುತ್ತೇನೆ ಎಂದು ಬಂದ ಹುಡುಗರಿಗೆ ನಾನು ಹೇಳುವುದಿಷ್ಟು: ಒಂದು ಸೀಸನ್ ಯಾವುದಾದರೂ ಸೆಂಟರಿನಲ್ಲಿ ಸಿಲಿಂಡರ್ ಹೊತ್ತು, ದೋಣಿ ತೊಳೆದು ನೋಡು. ಆಮೇಲೂ ಆಸೆ ಉಳಿದಿದ್ದರೆ ದುಡ್ಡು ಕಟ್ಟು.

ಘಟ್ಟ ಹತ್ತುವ ಮುನ್ನ

ಯಾವ ಕೋರ್ಸು ಆರಿಸಿದರೂ ಬೆಳಗಾವಿಯವರು ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಕಡಲ ದಂಡೆಯ ಸೆಂಟರಿನವರು ತಾವಾಗಿ ಎತ್ತುವುದು ಕಡಿಮೆ. ಡೈವ್ ಮುಗಿಸಿ ವಿಮಾನ ಹತ್ತಬಾರದು ಎಂದು ಎಲ್ಲರೂ ಹೇಳುತ್ತಾರೆ. ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಹಲವು ಡೈವ್ ಆದರೆ 18 ತಾಸು ಎಂಬುದು ಡೈವರುಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಲೆಕ್ಕ. ಆ ಲೆಕ್ಕ ಅನ್ವಯಿಸುವುದು 2000 ಅಡಿಯಿಂದ 8000 ಅಡಿವರೆಗಿನ ಕ್ಯಾಬಿನ್ ಎತ್ತರಕ್ಕೆ, ಅಂದರೆ ವಿಮಾನದೊಳಗಿನ ಗಾಳಿಯ ಒತ್ತಡ ಯಾವ ಎತ್ತರದ ಒತ್ತಡಕ್ಕೆ ಸಮವೋ ಅದಕ್ಕೆ. ಬೆಳಗಾವಿ ಇರುವುದು ಸುಮಾರು 2500 ಅಡಿಯ ಮೇಲೆ, ಅಂದರೆ 750 ಮೀಟರ್. ಇಲ್ಲಿನ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಶೇ. 8ರಷ್ಟು ಕಡಿಮೆ. ವಿಮಾನದಷ್ಟು ಅಲ್ಲ ನಿಜ, ಆದರೆ ಮೈಯಲ್ಲಿ ಕರಗಿ ಕುಳಿತ ಸಾರಜನಕಕ್ಕೆ ನೀವು ಕಾರಿನಲ್ಲಿದ್ದೀರೋ ವಿಮಾನದಲ್ಲಿದ್ದೀರೋ ಗೊತ್ತಾಗುವುದಿಲ್ಲ. ಸೋಡಾ ಬಾಟಲಿಯ ಮುಚ್ಚಳ ಸಡಿಲಿಸಿದಂತೆ ಗುಳ್ಳೆ ಏಳಬಹುದು.

ಒಮ್ಮೆ ಮಾಲ್ವಣದಲ್ಲಿ ಬೆಳಿಗ್ಗೆ ಎರಡು ಡೈವ್ ಮಾಡಿ, ಸೋಮವಾರ ಆಫೀಸು ಎಂದು ಸಂಜೆಯೇ ಹೊರಟಿದ್ದೆವು. ಸಾವಂತವಾಡಿಯಲ್ಲಿ ಚಹಾಕ್ಕೆ ನಿಂತಾಗ ಕೈಗಡಿಯಾರದಂಥ ಡೈವ್ ಕಂಪ್ಯೂಟರ್ ನೋಡಿದೆ. ಮೂಲೆಯಲ್ಲಿ ಪುಟ್ಟ ವಿಮಾನದ ಚಿತ್ರ, ಅದರ ಮೇಲೊಂದು ಅಡ್ಡಗೆರೆ. ಎದುರಿಗೆ ಅಂಬೋಲಿ ಘಟ್ಟ. ಗೆಳೆಯ "ಅದು ವಿಮಾನಕ್ಕಲ್ಲೇನೋ" ಅಂದ. ಹದಿನೈದು ನಿಮಿಷ ವಾದ ಮಾಡಿ, ಕೊನೆಗೆ ಅಲ್ಲೇ ಲಾಡ್ಜ್ ಹಿಡಿದೆವು. ಅವನ ಒಂದು ದಿನದ ರಜೆ ಹೋಯಿತು, ಈಗಲೂ ಅಣಕಿಸುತ್ತಾನೆ.

ಅದಾದಮೇಲೆ ಕ್ರಮ ಬದಲಾಯಿಸಿದ್ದೇನೆ. ಶುಕ್ರವಾರ, ಶನಿವಾರ ಡೈವ್, ಶನಿವಾರ ಮಧ್ಯಾಹ್ನಕ್ಕೆ ಕೊನೆ. ನೈಟ್ರಾಕ್ಸ್ ಬಳಸಿದ್ದರೂ ಕಾಯುವ ತಾಸು ಕಡಿತ ಮಾಡುವುದಿಲ್ಲ. ಮೂರು ದಿನದ ಅಡ್ವಾನ್ಸ್ಡ್ ಕೋರ್ಸಿಗೆ ಹೋಗುವವರು ನಾಲ್ಕು ದಿನದ ರಜೆ ಹಾಕಿ, ಆ ನಾಲ್ಕನೆಯ ದಿನದ ಖರ್ಚನ್ನೂ ಕೋರ್ಸಿನ ದರಕ್ಕೆ ಕೂಡಿಸಿಯೇ ಹೋಲಿಸಿ. ಭಾನುವಾರ ಸಾವಕಾಶ ಎದ್ದು, ಬಂಗಡೆ ಫ್ರೈ ಜೊತೆ ಸೋಲ್‌ಕಡಿ ಕುಡಿದು, ಕಂಪ್ಯೂಟರಿನ ವಿಮಾನ ಮಾಯವಾಗಿದೆಯೇ ಎಂದು ಒಮ್ಮೆ ನೋಡಿ ಗಾಡಿ ತೆಗೆದರೆ ಕತ್ತಲಾಗುವುದರೊಳಗೆ ಬೆಳಗಾವಿ.